ವರದಕ್ಷಿಣೆಯ ನಕಾಶೆ

ಏಳನೆಯ ತರಗತಿಯ ಮೊಮ್ಮಗಳಿಗೆ ಶಾಲೆಯಲ್ಲಿ ಮುಂಬಯಿಯ ಹಳೆಯ ನಕಾಶೆ ಬಿಡಿಸುವ ಪ್ರಾಜೆಕ್ಟ್ ಕೊಟ್ಟಿದ್ದರು. ಏಳು ದ್ವೀಪಗಳಿಗೆ ಬಣ್ಣ ತುಂಬುತ್ತಿದ್ದವಳು, "ಅಜ್ಜಿ, ಬಾಂಬೆಯನ್ನು ವರದಕ್ಷಿಣೆ ಕೊಟ್ಟರಂತಲ್ಲ, ಆಗ ನಮ್ಮ ಮನೆ ಇರುವ ಜಾಗವೂ ಹೋಯಿತಾ?" ಎಂದು ಕೇಳಿದಳು. ನಾವಿರುವುದು ಮುಲುಂಡಿನಲ್ಲಿ. ನಲವತ್ತು ವರ್ಷ ಈ ಊರಿನಲ್ಲಿ ಸಂಸಾರ ಮಾಡಿದರೂ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ.

ಹುಡುಕುತ್ತ ಹೋದಾಗ ತಿಳಿದದ್ದು: ಅಂದು ಜಗಳವಾದದ್ದೇ ಈ ಪ್ರಶ್ನೆಯ ಮೇಲೆ!

1661ರ ಜೂನ್ 23ರಂದು ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರಿನ್ ಮತ್ತು ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ಮದುವೆಯ ಒಪ್ಪಂದವಾಯಿತು. ಹುಡುಗಿಗೆ 22 ವರ್ಷ. ಪೋರ್ಚುಗಲ್ ಸ್ಪೇನಿನ ಹಿಡಿತದಿಂದ ಬಿಡಿಸಿಕೊಂಡು ಇಪ್ಪತ್ತು ವರ್ಷವಷ್ಟೇ ಆಗಿತ್ತು. ಇತ್ತ ಪೂರ್ವದಲ್ಲಿ ಡಚ್ಚರು ಅವರ ಕೋಟೆಗಳನ್ನು ಒಂದೊಂದಾಗಿ ಕಸಿಯುತ್ತಿದ್ದರು. ಇಂಗ್ಲೆಂಡಿನ ನೆಂಟಸ್ತನ ಬೇಕೇಬೇಕಿತ್ತು. ಹಣದ ಜೊತೆಗೆ ಮೊರಾಕ್ಕೊದ ಟಾಂಜಿಯರ್ ಮತ್ತು ನಮ್ಮ ಬಾಂಬೆ, ಎರಡನ್ನೂ ಬರೆದುಕೊಟ್ಟರು. ಇಲ್ಲಿ ಮೀನು ಹಿಡಿಯುತ್ತಿದ್ದ ಕೋಳಿಗಳನ್ನಾಗಲಿ, ಗದ್ದೆ ತೆಂಗು ಮಾಡಿಕೊಂಡಿದ್ದವರನ್ನಾಗಲಿ ಯಾರೂ ಕೇಳಲಿಲ್ಲ. ಕ್ಯಾಥರಿನ್‌ಳನ್ನು ಎಷ್ಟು ಕೇಳಿದರೋ!

1662ರ ಸೆಪ್ಟೆಂಬರಿನಲ್ಲಿ ಇಂಗ್ಲಿಷ್ ಹಡಗುಗಳು ದ್ವೀಪವನ್ನು ವಶಕ್ಕೆ ಪಡೆಯಲು ಬಂದವು. ಮಾತುಕತೆಯ ವೇಳೆ ತಮಗೆ ತೋರಿಸಿದ ನಕಾಶೆಯಲ್ಲಿ ಸಾಷ್ಟಿ, ಠಾಣೆಗಳೂ ಇದ್ದವು ಎಂದು ಇಂಗ್ಲಿಷರ ವಾದ. ಕೊಟ್ಟದ್ದು ಬಾಂಬೆ ದ್ವೀಪವೊಂದನ್ನೇ ಎಂದು ಪೋರ್ಚುಗೀಸರು. ಆ ನಕಾಶೆಯನ್ನು ತೆಗೆದು ತೋರಿಸೋಣವೆಂದರೆ ಅದೇ ಇಲ್ಲ! ನಮ್ಮ ಮದುವೆಗಳಲ್ಲಿ ಮಾತುಕತೆಯ ಚೀಟಿ ಕಳೆದುಹೋದರೆ ಆಗುವ ರಾದ್ಧಾಂತ ನೆನಪಾಯಿತು. ಗೋವೆಯ ವೈಸರಾಯ್ ಆಂಟೋನಿಯೊ ಡಿ ಮೆಲ್ಲೊ ಡಿ ಕಾಸ್ಟ್ರೊ, ನಿಮ್ಮ ಕಾಗದಪತ್ರವೇ ಸರಿಯಿಲ್ಲ ಎಂದು ದ್ವೀಪವನ್ನು ಬಿಟ್ಟುಕೊಡಲಿಲ್ಲ.

ಮುಂದಿನದನ್ನು ಓದುವಾಗ ನನ್ನ ಕೈ ನಿಂತಿತು. ಇಳಿಯಲು ನೆಲವಿಲ್ಲದೆ ಸರ್ ಅಬ್ರಹಾಂ ಶಿಪ್‌ಮನ್ ತನ್ನ ಸುಮಾರು 400 ಸೈನಿಕರೊಂದಿಗೆ ಬೀಡುಬಿಟ್ಟದ್ದು ಅಂಜದೀವ ದ್ವೀಪದಲ್ಲಿ. ನನ್ನ ತವರು ಕಾರವಾರದ ಬಳಿಯ ಬಿಣಗಾ. ಚಿಕ್ಕವರಿದ್ದಾಗ ಸಮುದ್ರದ ದಂಡೆಗೆ ಹೋದರೆ ಎದುರಿಗೆ ಕಾಣುತ್ತಿದ್ದ ದ್ವೀಪ ಅದೇ. ನಮ್ಮ ಪಾಲಿಗೆ ಅದೊಂದು ಹಸಿರು ಗುಡ್ಡ, ಅಷ್ಟೇ. ಅಲ್ಲಿ ಜ್ವರ, ಮಳೆ, ಹಸಿವಿನಿಂದ ಎರಡು ವರ್ಷದಲ್ಲಿ ಶಿಪ್‌ಮನ್‌ ಸತ್ತ. ಅವನ ಸೈನಿಕರಲ್ಲಿ ಬದುಕುಳಿದವರು ನೂರರ ಆಸುಪಾಸು. ದೂರದ ಇಂಗ್ಲೆಂಡಿನ ಒಂದು ಮದುವೆಗಾಗಿ, ಕಾಣೆಯಾದ ಒಂದು ಕಾಗದಕ್ಕಾಗಿ, ನಮ್ಮ ಊರಿನೆದುರು ಅಷ್ಟು ಜನ ಮಣ್ಣಾದರು. ಊರಿನಲ್ಲಿ ಯಾರೂ ಇದನ್ನು ಹೇಳಿದ್ದು ನೆನಪಿಲ್ಲ. (ಈ ದ್ವೀಪದ್ದೂ ಒಂದು ನಕಾಶೆಯ ಕಥೆಯೇ. 1961ರವರೆಗೆ ಪೋರ್ಚುಗೀಸರ ಕೈಯಲ್ಲಿದ್ದುದರಿಂದ, ಕಾರವಾರದ ಮಗ್ಗುಲಲ್ಲೇ ಇದ್ದರೂ ಅದು ಇಂದಿಗೂ ಗೋವೆಗೆ ಸೇರಿದ್ದು.)

1665ರ ಫೆಬ್ರವರಿಯಲ್ಲಿ ಹಂಫ್ರಿ ಕುಕ್ ಎಂಬವನು ಉಳಿದ ಸೈನಿಕರನ್ನು ಕಟ್ಟಿಕೊಂಡು ಬಂದು ಬಾಂಬೆಯನ್ನು ವಶಕ್ಕೆ ಪಡೆದ. ಸಾಷ್ಟಿ ಸಿಗಲಿಲ್ಲ. ಇಷ್ಟೆಲ್ಲ ಕಾದಾಡಿ ಪಡೆದ ದ್ವೀಪವನ್ನು ಚಾರ್ಲ್ಸ್ 1668ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟುಬಿಟ್ಟ, ವರ್ಷಕ್ಕೆ 10 ಪೌಂಡ್ ಬಾಡಿಗೆಗೆ. ಸಾಷ್ಟಿಯನ್ನು ಮುಂದೆ ಮರಾಠರು ಪೋರ್ಚುಗೀಸರಿಂದ ಗೆದ್ದರು. ಅವರಿಂದ ಇಂಗ್ಲಿಷರು ಅದನ್ನು ಕಿತ್ತುಕೊಂಡದ್ದು 1774ರಲ್ಲಿ, ಮದುವೆಯಾಗಿ ನೂರು ವರ್ಷ ಕಳೆದ ಮೇಲೆ. ಕ್ಯಾಥರಿನ್ ಮಕ್ಕಳಿಲ್ಲದೆ, ಗಂಡ ಸತ್ತ ಮೇಲೆ ಲಿಸ್ಬನ್‌ಗೆ ಮರಳಿದಳು. ತನ್ನ ಹೆಸರಿನಲ್ಲಿ ಕೊಟ್ಟ ಊರನ್ನು ಒಮ್ಮೆಯೂ ಕಾಣಲಿಲ್ಲ.

"ಅಂದರೆ ಮುಲುಂಡ್ ವರದಕ್ಷಿಣೆಯಲ್ಲಿ ಇರಲಿಲ್ಲ," ಎಂದು ಮೊಮ್ಮಗಳು ನಮ್ಮ ಮನೆಯ ಜಾಗಕ್ಕೆ ಬಣ್ಣ ಹಾಕದೆ ಬಿಟ್ಟಳು. ಅಂಜದೀವವನ್ನೂ ಬರೆಯಬೇಕೆಂದಳು. ಹಾಳೆಯಲ್ಲಿ ಅಷ್ಟು ದಕ್ಷಿಣಕ್ಕೆ ಜಾಗವೆಲ್ಲಿ? ಕೆಳಗೆ ಇನ್ನೊಂದು ಹಾಳೆ ಅಂಟಿಸಿಕೊಟ್ಟೆ.