ಒಣನಾಡಿನ ಪೈನ್ ಕಟ್ಟಿಗೆಯೂ ಲೋಳೆ ಅಣಬೆಯೂ: ಸೊಲ್ಲಾಪುರ ರಸ್ತೆಯ ನೆಲೆಯಿಂದ ಒಂದು ವಿವೇಚನೆ

ವಿಜಯಪುರದಿಂದ ಉತ್ತರಕ್ಕೆ ಸಾಗುವ ಸೊಲ್ಲಾಪುರ ರಸ್ತೆ ಬೇವು, ಜಾಲಿಗಳ ಸೀಮೆ. ಪೈನ್ ಬೆಳೆಯುವ ನೆಲವಲ್ಲ. ಎಲೆ ಪೈನಿನ ಸೂಜಿಯಂತೆ ಕಂಡರೂ ಗಾಳಿಮರ ಹೂಬಿಡುವ ಸಸ್ಯ, ಪೈನಿನಂತೆ ಶಂಕುಧಾರಿಯಲ್ಲ. ದಕ್ಷಿಣ ಭಾರತದ ಏಕೈಕ ಸ್ಥಳೀಯ ಶಂಕುಧಾರಿಯಾದ ನಗೇಯ ವಾಲಿಚಿಯಾನಾ ಪಶ್ಚಿಮ ಘಟ್ಟದ ತೇವದ ಕಾಡಿನದು. ಹೀಗಿದ್ದೂ ಯಂತ್ರಗಳ ಪೆಟ್ಟಿಗೆ, ಪ್ಯಾಲೆಟ್ಟುಗಳ ರೂಪದಲ್ಲಿ ಸತ್ತ ಪೈನ್ ಕಟ್ಟಿಗೆ ಇಂಥ ಊರುಗಳಿಗೂ ಬರುತ್ತದೆ. ಅದರ ಮೇಲೆ ಲೋಳೆ ಅಣಬೆ ಏಳಬೇಕಾದರೆ ಯಾವ ಯಾವ ಷರತ್ತುಗಳು ಕೂಡಿಬರಬೇಕು ಎಂಬುದು ಈ ಲೇಖನದ ವಿಷಯ.

ಮೊದಲ ಷರತ್ತು ಆಸರೆಯದು. ಯುರೋಪು, ಉತ್ತರ ಅಮೆರಿಕಗಳ ನೇಮಟೀಲಿಯ ಎನ್ಸೆಫಾಲ ಎಂಬ ಲೋಳೆ ಅಣಬೆ ಸತ್ತ ಪೈನ್ ಕೊಂಬೆಯ ಮೇಲೆ ಮಿದುಳಿನ ಮಡಿಕೆಯಂತೆ ಕಾಣುತ್ತದೆ. ಕಟ್ಟಿಗೆ ತಿನ್ನುವುದು ಅದಲ್ಲ. ಅದೇ ಕೊಂಬೆಯಲ್ಲಿರುವ ಸ್ಟೀರಿಯಂ ಸ್ಯಾಂಗ್ವಿನೊಲೆಂಟಂ ಎಂಬ ಇನ್ನೊಂದು ಶಿಲೀಂಧ್ರವನ್ನು ಅದು ತಿನ್ನುತ್ತದೆ. ಕೊಯ್ದು ನೋಡಿದರೆ ಒಳಗೆ ಸಿಗುವ ಗಟ್ಟಿ ಬಿಳಿ ತಿರುಳು ಆ ಆತಿಥೇಯನ ಎಳೆಗಳಿಂದಾದದ್ದು. ಪೈನ್ ಇದ್ದು ಸ್ಟೀರಿಯಂ ಇಲ್ಲದಿದ್ದರೆ ಈ ಪ್ರಭೇದಕ್ಕೆ ನೆಲೆಯಿಲ್ಲ.

ಎರಡನೆಯದು ನೀರು. ಅಂತರರಾಷ್ಟ್ರೀಯ ನಿಯಮದಂತೆ ಕಾಯಿಸಿ ಸಂಸ್ಕರಿಸುವ ಪೆಟ್ಟಿಗೆ ಕಟ್ಟಿಗೆಯ ತಿರುಳು 56 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 30 ನಿಮಿಷ ಇರಬೇಕು. ಇದು ಹಳೆಯ ಕೀಟ, ರೋಗಗಳನ್ನು ಕೊಲ್ಲುತ್ತದೆಯೇ ಹೊರತು ಆಮೇಲೆ ಗಾಳಿಯಲ್ಲಿ ಬರುವ ಬೀಜಕಗಳನ್ನು ತಡೆಯುವುದಿಲ್ಲ. ತಡೆಯುವುದು ಒಣ ಹವೆ: ಕಟ್ಟಿಗೆಯ ತೇವ ಶೇ. 20ರ ಕೆಳಗಿದ್ದರೆ ಕೊಳೆತ ಶುರುವಾಗದು.

ಈ ಎರಡು ಷರತ್ತುಗಳನ್ನೂ ಸಡಿಲವಾಗಿ ದಾಟಬಲ್ಲದ್ದು ಡ್ಯಾಕ್ರಿಯೊಪಿನಾಕ್ಸ್ ಸ್ಪ್ಯಾಥುಲೇರಿಯ ಎಂಬ ಇನ್ನೊಂದು ಲೋಳೆ ಅಣಬೆ. ಒಂದೆರಡು ಸೆಂಟಿಮೀಟರ್ ಎತ್ತರದ, ಸಟ್ಟುಗದಾಕಾರದ ಈ ಕಿತ್ತಳೆ-ಹಳದಿ ಅಣಬೆಯನ್ನು 1822ರಲ್ಲಿ ಶಿಲೀಂಧ್ರತಜ್ಞ ಶ್ವೈನಿಟ್ಸ್ ವರ್ಣಿಸಿದ. ಅದಕ್ಕೆ ಪೈನೂ ಆದೀತು, ಅಗಲ ಎಲೆಯ ಮರವೂ ಆದೀತು. ಬಿಸಿಲಿಗೆ ಮುರುಟಿ ಕೊಂಬಿನಂತೆ ಗಡುಸಾಗುತ್ತದೆ, ಮಳೆ ಬಿದ್ದರೆ ಮತ್ತೆ ಉಬ್ಬುತ್ತದೆ. ಚೀನಾದಲ್ಲಿ ಇದನ್ನು ತಿನ್ನುತ್ತಾರೆ. ಇದರಿಂದ ತೆಗೆದ ಗ್ಲೈಕೊಲಿಪಿಡ್‌ಗಳನ್ನು ಪಾನೀಯ ಕೆಡದಂತೆ ಬಳಸಲು ಐರೋಪ್ಯ ಒಕ್ಕೂಟ 2022ರಲ್ಲಿ ಒಪ್ಪಿಗೆ ನೀಡಿತು. 2012ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ 31 ಶಿಲೀಂಧ್ರ ಜೀನೋಮುಗಳ ಅಧ್ಯಯನದಲ್ಲಿ ಇದೇ ಕುಲದ ಒಂದು ತಳಿಯೂ ಇತ್ತು. ಕಟ್ಟಿಗೆಯ ಲಿಗ್ನಿನ್ ಒಡೆಯುವ ಪೆರಾಕ್ಸಿಡೇಸ್ ಕಿಣ್ವಗಳು ಅದರಲ್ಲಿಲ್ಲ. ಸೆಲ್ಯುಲೋಸನ್ನು ಕರಗಿಸಿಕೊಂಡು, ಲಿಗ್ನಿನ್ನನ್ನು ಕಂದು ಪುಡಿಯಾಗಿ ಉಳಿಸುವುದು ಇಂಥ ಶಿಲೀಂಧ್ರಗಳ ರೀತಿ.

ಆದ್ದರಿಂದ ಇಲ್ಲಿ ಹುಡುಕಾಟ ಮಳೆ ಹೆಚ್ಚಿರುವ ಸೆಪ್ಟೆಂಬರಿನಲ್ಲಿ, ಸಾ ಮಿಲ್‌ಗಳ ಹಿತ್ತಲಲ್ಲಿ ಮತ್ತು ತಿಕೋಟಾ, ಬಬಲೇಶ್ವರದ ದ್ರಾಕ್ಷಿ ತೋಟಗಳ ಹನಿ ನೀರಾವರಿಯ ಬುಡದಲ್ಲಿ ಬಿದ್ದ ಹಳೆಯ ಹಲಗೆಗಳ ಮೇಲೆ ನಡೆಯಬೇಕು. ಬರೀ ಬಣ್ಣ ನೋಡಿ ಹೆಸರಿಡಲಾಗದು. ಡ್ಯಾಕ್ರಿಯೊಪಿನಾಕ್ಸಿನ ಬೆಸಿಡಿಯಂ (ಬೀಜಕ ಹೊರುವ ಕೋಶ) ಸೂಕ್ಷ್ಮದರ್ಶಕದಡಿ ಎರಡು ಕವಲಿನ ಶ್ರುತಿಕವೆಯಂತೆ ಕಾಣುತ್ತದೆ. ನೇಮಟೀಲಿಯದ್ದು ಉದ್ದಕ್ಕೆ ಹಾಯುವ ಗೋಡೆಗಳಿಂದ ಭಾಗವಾಗಿರುತ್ತದೆ. ಅಣಬೆಯ ಜೊತೆಗೆ ಹಲಗೆಯ ಚೂರನ್ನೂ ಸಂಗ್ರಹಿಸಬೇಕು. ಅಡ್ಡ ಕೊಯ್ತದಲ್ಲಿ ರಾಳದ ನಾಳಗಳಿದ್ದು ನೀರ್ನಾಳದ ರಂಧ್ರಗಳಿಲ್ಲದಿದ್ದರೆ, ಪೈನ್ ಎಂಬ ನಮೂದಿಗೆ ಆಧಾರ ಸಿಗುತ್ತದೆ.