ಅತಿಥಿಯೂ ತಿಥಿಯೂ

‘ಉಪವಾಸ’ವೆಂಬ ಶಬ್ದದಲ್ಲಿ ಹಸಿವಿನ ಸುಳಿವೇ ಇಲ್ಲ. ‘ಉಪ’ ಎಂದರೆ ಸಮೀಪ, ‘ವಾಸ’ ಎಂದರೆ ಇರುವಿಕೆ. ಬಳಿಯಲ್ಲಿರುವುದು ಎಂಬಷ್ಟೇ ಅರ್ಥವುಳ್ಳ ಈ ಮಾತಿಗೆ ಅನ್ನ ಬಿಡುವುದು ಎಂಬ ಅರ್ಥ ಬಂದದ್ದು ಹೇಗೆ? ಅದಕ್ಕೂ ಆಕಾಶದ ಚಂದ್ರನಿಗೂ ಗಂಟು ಬಿದ್ದದ್ದು ಎಂದಿನಿಂದ? ಈ ಎರಡು ಪ್ರಶ್ನೆಗಳ ಜಾಡು ಹಿಡಿದು ಹೊರಟರೆ ನಮ್ಮ ಧಾರ್ಮಿಕ ಜೀವನದ ದೀರ್ಘ ಚರಿತ್ರೆಯ ಒಂದು ಎಳೆ ಕೈಗೆ ಸಿಕ್ಕುತ್ತದೆ.

ವೇದಕಾಲದ ಯಜಮಾನನು ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ದರ್ಶಪೂರ್ಣಮಾಸವೆಂಬ ಇಷ್ಟಿಗಳನ್ನು ನಡೆಸಬೇಕಾಗಿತ್ತು. ಅದರ ಮುನ್ನಾದಿನಕ್ಕೆ ‘ಉಪವಸಥ’ವೆಂದು ಹೆಸರು. ಶತಪಥ ಬ್ರಾಹ್ಮಣವು ತನ್ನ ಆರಂಭದಲ್ಲಿಯೇ ಈ ದಿನದ ವಿಚಾರವನ್ನು ಎತ್ತಿಕೊಳ್ಳುತ್ತದೆ. ಯಜಮಾನನು ವ್ರತವನ್ನು ಹಿಡಿದೊಡನೆ, ನಾಳೆ ಇವನು ತಮಗೆ ಹವಿಸ್ಸನ್ನು ಕೊಡುವನೆಂದು ದೇವತೆಗಳು ಅರಿಯುತ್ತಾರೆ. ಆ ರಾತ್ರಿಯೇ ಬಂದು ಅವನ ಮನೆಯಲ್ಲಿ ತಂಗುತ್ತಾರೆ. ಮನೆಗೆ ಬಂದ ಮನುಷ್ಯರು ಉಣ್ಣುವ ಮೊದಲು ಯಜಮಾನನು ಉಂಡರೆ ಅದೇ ಅನುಚಿತ. ಬಂದವರು ದೇವತೆಗಳಾದರೆ ಹೇಳಬೇಕೆ? ಆದಕಾರಣ ಅಂದು ಉಣ್ಣಬಾರದೆಂದು ಒಂದು ಪಕ್ಷ. ಯಾಜ್ಞವಲ್ಕ್ಯನು ಇದಕ್ಕೊಂದು ತಿದ್ದುಪಡಿಯನ್ನು ಸೂಚಿಸುತ್ತಾನೆ: ಯಾವುದನ್ನು ದೇವತೆಗಳಿಗೆ ಹವಿಸ್ಸಾಗಿ ಕೊಡುವುದಿಲ್ಲವೋ ಅದನ್ನು, ಎಂದರೆ ಕಾಡಿನಲ್ಲಿ ಬೆಳೆದುದನ್ನು, ತಿನ್ನಬಹುದು, ಅದು ತಿಂದರೂ ತಿನ್ನದಂತೆಯೇ. ನಮ್ಮ ಮನೆಗಳ ಫಲಾಹಾರದ ಹಿಂದೆ ಇಷ್ಟು ಹಳೆಯದೊಂದು ವಾದವಿದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಉಪವಾಸವು ಮೊದಲು ದೇಹದಂಡನೆಯೂ ಅಲ್ಲ, ಪಾಪಕ್ಕೆ ತೆರುವ ದಂಡವೂ ಅಲ್ಲ, ಅದು ಅತಿಥಿಮರ್ಯಾದೆ. ತಿಥಿಯಿಲ್ಲದೆ ಬರುವವನು ಅತಿಥಿಯೆಂದು ಆ ಶಬ್ದಕ್ಕೆ ನಿಷ್ಪತ್ತಿ ಹೇಳುವುದುಂಟು. ಇವರಾದರೋ ತಿಥಿಯನ್ನು ತಪ್ಪದೆ ಬರುವ ಅತಿಥಿಗಳು. ಅವರ ಬರವನ್ನು ಸಾರುವವನು ಚಂದ್ರ.

ಯಜ್ಞವನ್ನು ಒಪ್ಪದವರೂ ಈ ದಿನಗಳನ್ನು ಬಿಡಲಿಲ್ಲ. ಅನ್ಯಮತದ ಪರಿವ್ರಾಜಕರು ಚತುರ್ದಶಿ, ಪಂಚದಶಿ, ಅಷ್ಟಮಿಗಳಂದು ಸೇರಿ ಧರ್ಮವನ್ನು ಹೇಳುವುದನ್ನು ಕಂಡ ಮಗಧದ ಬಿಂಬಿಸಾರನು, ಬೌದ್ಧ ಭಿಕ್ಷುಗಳೂ ಹಾಗೆ ಮಾಡಲೆಂದು ಬುದ್ಧನಲ್ಲಿ ಬಿನ್ನವಿಸಿದನೆಂದು ವಿನಯಪಿಟಕದ ಮಹಾವಗ್ಗವು ತಿಳಿಸುತ್ತದೆ. ಹೀಗೆ ‘ಉಪವಸಥ’ವು ಪಾಲಿಯಲ್ಲಿ ‘ಉಪೋಸಥ’ವಾಯಿತು. ಜೈನ ಶ್ರಾವಕರು ಅಷ್ಟಮಿ ಚತುರ್ದಶಿಗಳಲ್ಲಿ ಪ್ರೋಷಧೋಪವಾಸವನ್ನು ಆಚರಿಸಿದರು. ಅಶೋಕನು ತನ್ನ ಐದನೆಯ ಸ್ತಂಭಶಾಸನದಲ್ಲಿ ಉಪೋಸಥದ ದಿನಗಳಂದು ಮೀನನ್ನು ಕೊಲ್ಲಬಾರದು, ಮಾರಬಾರದು ಎಂದು ಕಟ್ಟುಮಾಡಿದನು. ಮನೆಯೊಡೆಯನ ಸೌಜನ್ಯವು ಜಲಚರಗಳಿಗೂ ಅಭಯವಾಗಿ ಹಬ್ಬಿದ ಬಗೆ ಇದು.

ಹುಣ್ಣಿಮೆಯನ್ನು ಕಣ್ಣು ಬಲ್ಲದು; ಏಕಾದಶಿಯನ್ನು ಬಲ್ಲುದೆ? ಇಲ್ಲಿ ಗಣಿತದ ಪ್ರವೇಶವಾಗುತ್ತದೆ. ಯಜ್ಞಗಳ ಕಾಲವನ್ನು ಗೊತ್ತುಮಾಡುವುದಕ್ಕಾಗಿಯೇ ಹುಟ್ಟಿದ ವೇದಾಂಗ ಜ್ಯೋತಿಷದಲ್ಲಿ ತಿಥಿಗಳೆಲ್ಲ ಸಮಾನ. ಐದು ವರ್ಷಗಳ ಯುಗಕ್ಕೆ 1830 ದಿನ, 1860 ತಿಥಿ. ಸಿದ್ಧಾಂತಗಳ ಕಾಲಕ್ಕೆ ಲೆಕ್ಕ ಸೂಕ್ಷ್ಮವಾಯಿತು. ಚಂದ್ರನು ಸೂರ್ಯನಿಂದ 12 ಅಂಶ ಮುಂದೆ ಸರಿಯುವ ಅವಧಿ ಒಂದು ತಿಥಿ. ಸೂರ್ಯಚಂದ್ರರ ಗತಿ ಏಕರೂಪವಲ್ಲವಾದ್ದರಿಂದ ತಿಥಿಯು ಸುಮಾರು 20 ಗಂಟೆಗಳಿಂದ 27 ಗಂಟೆಗಳ ಸಮೀಪದವರೆಗೆ ಹಿಗ್ಗುತ್ತದೆ, ಕುಗ್ಗುತ್ತದೆ. ಅದು ನಡುಹಗಲಿನಲ್ಲಿ ಹುಟ್ಟಬಹುದು, ನಡುರಾತ್ರಿಯಲ್ಲಿ ಮುಗಿಯಬಹುದು. ಉಣ್ಣುವ ಮನುಷ್ಯನಾದರೋ ಸೂರ್ಯೋದಯದ ಲೆಕ್ಕದಲ್ಲಿ ಬಾಳುವವನು. ಹಾಗಾದರೆ ಯಾವ ದಿನ ಉಣ್ಣದಿರಬೇಕು?

ಈ ಪ್ರಶ್ನೆಗೆ ಉತ್ತರವಾಗಿ ಒಂದು ಶಾಸ್ತ್ರವೇ ಬೆಳೆಯಿತು. ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಹೇಮಾದ್ರಿಯು ಹದಿಮೂರನೆಯ ಶತಮಾನದಲ್ಲಿ ವ್ರತಗಳಿಗಾಗಿ ಬೃಹತ್ತಾದ ಒಂದು ಖಂಡವನ್ನೇ ಮೀಸಲಿಟ್ಟನು. ಕಮಲಾಕರಭಟ್ಟನ ‘ನಿರ್ಣಯಸಿಂಧು’ 1612ರಲ್ಲಿ ಮುಗಿಯಿತು. ಉಡುಪಿಯ ಮಧ್ವಾಚಾರ್ಯರು ‘ಕೃಷ್ಣಾಮೃತ ಮಹಾರ್ಣವ’ದಲ್ಲಿ ಏಕಾದಶಿಯ ಮಹಿಮೆಯನ್ನೂ ದಶಮಿಯ ವೇಧೆಯನ್ನೂ ವಿಸ್ತಾರವಾಗಿ ಹೇಳಿದರು. ಸೂರ್ಯೋದಯಕ್ಕೆ ನಾಲ್ಕು ಘಳಿಗೆ ಮುಂಚಿನ ಅರುಣೋದಯದಲ್ಲಿ ದಶಮಿಯ ಸೋಂಕಿದ್ದರೆ ವೈಷ್ಣವರು ಉಪವಾಸವನ್ನು ಮರುದಿನಕ್ಕೆ ಇಡುತ್ತಾರೆ. ಸ್ಮಾರ್ತರ ನಿರ್ಣಯ ಬೇರೆ. ಆದಕಾರಣವೇ ಒಂದೇ ಬೀದಿಯ ಎರಡು ಮನೆಗಳಲ್ಲಿ ಕೆಲವೊಮ್ಮೆ ಎರಡು ಏಕಾದಶಿ. ಹನ್ನೆರಡನೆಯ ಶತಮಾನದ ಶರಣರು ದಿನದಿನಗಳಲ್ಲಿ ಮೇಲುಕೀಳಿಲ್ಲವೆಂದು ಈ ಲೆಕ್ಕಾಚಾರದ ಬುಡಕ್ಕೇ ಕೈಯಿಟ್ಟಿದ್ದರೆಂಬುದನ್ನೂ ಇಲ್ಲಿ ನೆನೆಯಬೇಕು.

ಲೆಕ್ಕವು ಬಿಗಿಯಾದಂತೆ ವಿಧಿಯೂ ಬಿಗಿಯಾಯಿತು. ನಾರದಪುರಾಣದ ರುಕ್ಮಾಂಗದನು, ಎಂಟು ವರ್ಷ ದಾಟಿದವರಿಂದ ಎಂಬತ್ತು ತುಂಬದವರವರೆಗೆ ಎಲ್ಲರೂ ಏಕಾದಶಿಯಂದು ನಿರಾಹಾರರಾಗಿರಬೇಕೆಂದು ಡಂಗುರ ಹೊಡೆಯಿಸುತ್ತಾನೆ. ಕತೆಯ ರಾಜಾಜ್ಞೆ ಎಲ್ಲರಿಗೂ ಒಂದೇ. ಸಮಾಜದ ಆಜ್ಞೆ ಹಾಗಿರಲಿಲ್ಲ. ಸುಮಂಗಲಿಗೆ ವಿನಾಯಿತಿ ದೊರೆತ ಮನೆಯಲ್ಲಿಯೇ ವಿಧವೆಗೆ ಅದು ತಪ್ಪದ ಕಟ್ಟಳೆಯಾಯಿತು. ಬಂಗಾಳದಲ್ಲಿ ಎಳೆಯ ವಿಧವೆಯರೂ ಏಕಾದಶಿಯಂದು ನೀರನ್ನು ಕೂಡ ಮುಟ್ಟುವಂತಿರಲಿಲ್ಲ. 1856ರಲ್ಲಿ ವಿಧವಾವಿವಾಹದ ಕಾನೂನು ಬರಲು ಶ್ರಮಿಸಿದ ಈಶ್ವರಚಂದ್ರ ವಿದ್ಯಾಸಾಗರರ ಕಣ್ಣಮುಂದೆ ಇದ್ದುದು ಈ ಬಾಳು. ದೇವರನ್ನು ಆದರಿಸಲೆಂದು ಹುಟ್ಟಿದ ಹಸಿವು ಮನುಷ್ಯರನ್ನು ಹದ್ದಿನಲ್ಲಿಡುವ ಹಸಿವಾದುದು ಈ ಚರಿತ್ರೆಯ ನೋವಿನ ಅಧ್ಯಾಯ.

ಶಾಸ್ತ್ರದಲ್ಲಿ ಕರುಣೆಗೆ ಎಡೆಯಿರಲಿಲ್ಲವೆಂದಲ್ಲ. ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಇಚ್ಛೆ, ಗುರುವಿನ ಮಾತು, ಔಷಧ ಈ ಎಂಟರಿಂದ ವ್ರತಕ್ಕೆ ಭಂಗವಿಲ್ಲವೆಂದು ಮಹಾಭಾರತದ ಮಾತನ್ನು ನಿಬಂಧಕಾರರು ಎತ್ತಿ ಹೇಳಿದ್ದಾರೆ. ಪಟ್ಟಿಯಲ್ಲಿ ನೀರಿಗೆ ಮೊದಲ ಸ್ಥಾನವಿದೆ. ಆ ಮಾತನ್ನು ಯಾರಿಗೆ ತಿಳಿಸಬೇಕಾಗಿತ್ತೋ ಅವರ ಕಿವಿಗೆ ಅದು ಬಹುಕಾಲ ಬೀಳಲಿಲ್ಲ.

ಸ್ವಾತಂತ್ರ್ಯಾನಂತರ 1952ರಲ್ಲಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿ ರಚನೆಯಾಯಿತು. 1955ರಲ್ಲಿ ಅದರ ವರದಿ ಬಂತು. 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂದಿತು. ಗ್ರಹಗಳ ದೃಕ್‌ಸಿದ್ಧವಾದ ಸ್ಥಾನಗಳಿಂದ ತಿಥಿಯನ್ನು ಗಣಿಸಬೇಕೆಂಬುದು ಅದರ ನಿಲುವು. ಆದರೂ ಹಳೆಯ ಕರಣಗ್ರಂಥಗಳನ್ನು ಅನುಸರಿಸುವ ಪಂಚಾಂಗಗಳು ಉಳಿದುಕೊಂಡಿವೆ, ಎರಡು ಏಕಾದಶಿಗಳೂ ಉಳಿದುಕೊಂಡಿವೆ.

ತಿಥಿಯು ಎಷ್ಟು ಘಳಿಗೆಗೆ ಮುಗಿಯಿತೆಂಬುದನ್ನು ಗಣಿತ ಹೇಳಬಲ್ಲದು. ಯಾರನ್ನು ಆದರಿಸಲೆಂದು ಈ ಮನೆಯಲ್ಲಿ ಇಂದು ಒಲೆ ಹಚ್ಚಿಲ್ಲ ಎಂಬುದನ್ನು ಅದು ಹೇಳಲಾರದು. ಅದನ್ನು ಉಪವಾಸವಿರುವವನೇ ಬಲ್ಲ. ತಾನಾಗಿ ಬಿಟ್ಟ ಅನ್ನಕ್ಕೂ ತಟ್ಟೆಯಿಂದ ಕಸಿದ ಅನ್ನಕ್ಕೂ ಇರುವ ಅಂತರ ಯಾವ ಪಂಚಾಂಗದಲ್ಲಿಯೂ ಬರೆದಿಲ್ಲ. ಆದರೆ ಈ ವ್ರತದ ಬೆಲೆಯೆಲ್ಲ ಇರುವುದು ಆ ಅಂತರದಲ್ಲಿಯೇ.