ದಾವೆಯೂ ದಂಡವೂ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಬಂಡೆ ಶಾಸನವೊಂದಿದೆ. 1892ರಲ್ಲಿ ಬಿ. ಎಲ್. ರೈಸ್ ಅವರು ಅದನ್ನು ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಆಜ್ಞೆ ಅದು: ತಾಯಿತಂದೆಗಳಿಗೆ ವಿಧೇಯರಾಗಿರಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನೇ ನುಡಿಯಬೇಕು. ಸರಿ, ವಿಧೇಯನಾಗದ ಮಗನನ್ನು ಏನು ಮಾಡಬೇಕು? ಬಂಡೆ ಆ ಮಾತೆತ್ತುವುದಿಲ್ಲ. ದಂಡವೂ ಇಲ್ಲ, ಪರಿಹಾರವೂ ಇಲ್ಲ. ಅಶೋಕನಿಗೆ ದಂಡ ಅಪರಿಚಿತವೇನಲ್ಲ. ಸ್ತಂಭಶಾಸನವೊಂದರಲ್ಲಿ ಮರಣದಂಡನೆಗೆ ಗುರಿಯಾದವರಿಗೆ ಮೂರು ದಿನಗಳ ಅವಧಿಯನ್ನು ದಯಪಾಲಿಸಿದವನೂ ಅವನೇ. ಇಲ್ಲಿ ಮಾತ್ರ ದಂಡದ ಸುದ್ದಿಯಿಲ್ಲ.

ಇಂದಿನ ನ್ಯಾಯಾಲಯದಲ್ಲಿ ಗೆರೆ ಸ್ಪಷ್ಟ. ಸಾಲ ಬಾರದಿದ್ದರೆ ಕೊಟ್ಟವನೇ ವಾದಿ. ಮನಸ್ಸಾದರೆ ರಾಜಿಯಾಗಿ ದಾವೆಯನ್ನು ಬಿಡಬಹುದು. ಕೊಲೆಯಾದರೆ ಸರ್ಕಾರವೇ ಮುಂದೆ ನಿಲ್ಲುತ್ತದೆ. ಸತ್ತವನ ಮನೆಯವರು ಕ್ಷಮಿಸಿದರೂ ಮೊಕದ್ದಮೆ ನಿಲ್ಲದು.

ಪ್ರಾಚೀನರ ಗೆರೆ ಬೇರೆ ಕಡೆ ಹಾಯುತ್ತಿತ್ತು. 1905ರಲ್ಲಿ ಮೈಸೂರಿನಲ್ಲಿ ಆರ್. ಶಾಮಾಶಾಸ್ತ್ರಿಗಳ ಕೈಗೆ ಬಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ 'ಧರ್ಮಸ್ಥೀಯ', 'ಕಂಟಕಶೋಧನ' ಎಂಬ ಎರಡು ಅಧಿಕರಣಗಳಿವೆ. ವಿವಾಹ, ದಾಯಭಾಗ, ಸಾಲ, ಗಡಿತಂಟೆ ಮೊದಲನೆಯದರಲ್ಲಿ; ಮೋಸಗಾರ ವರ್ತಕರು, ಕಳ್ಳರು, ಸಂಶಯಾಸ್ಪದ ಸಾವು ಎರಡನೆಯದರಲ್ಲಿ. ಸಿವಿಲ್, ಕ್ರಿಮಿನಲ್ ಎಂದು ಹೆಸರಿಟ್ಟುಬಿಡೋಣವೆಂದರೆ, ಬೈಗುಳವೂ ಹೊಡೆದಾಟವೂ ಮೊದಲನೆಯದರಲ್ಲೇ ಕುಳಿತಿವೆ!

ಬ್ರಹ್ಮಗಿರಿ ಬಿಟ್ಟ ಪ್ರಶ್ನೆಗೆ ಈ ಗ್ರಂಥದಲ್ಲಿ ಉತ್ತರವುಂಟು. ಶಕ್ತಿಯಿದ್ದೂ ತಾಯಿತಂದೆಗಳನ್ನು ಸಾಕದವನಿಗೆ 12 ಪಣ ದಂಡ. ಪತಿತರನ್ನು ಸಾಕಬೇಕಾಗಿಲ್ಲ, ಆದರೆ ತಾಯಿ ಪತಿತಳಾದರೂ ಸಾಕಲೇಬೇಕು. ಶುಷ್ಕವೆಂದು ಹೆಸರಾದ ಆ ಗ್ರಂಥದಲ್ಲಿ ಈ ಮಾತು ನನ್ನನ್ನು ತಡೆದು ನಿಲ್ಲಿಸುತ್ತದೆ.

ನಮ್ಮ ಕಾಲದ ಕಾನೂನೂ ಇಲ್ಲಿ ಗೆರೆಯ ಮೇಲೆಯೇ ನಡೆದಿದೆ. ಜೀವನಾಂಶ ಕೇಳುವುದು ಸ್ವಭಾವತಃ ಸಿವಿಲ್ ಹಕ್ಕು. ಆದರೂ 1973ರಲ್ಲಿ ತಾಯಿತಂದೆಗಳ ಈ ಹಕ್ಕನ್ನು ಇಟ್ಟದ್ದು ದಂಡಪ್ರಕ್ರಿಯಾ ಸಂಹಿತೆಯ 125ನೆಯ ಕಲಮಿನಲ್ಲಿ. ಹಸಿದವರು ಸಿವಿಲ್ ದಾವೆಯ ಮುದ್ದತ್ತುಗಳನ್ನು ಕಾಯಲಾರರಷ್ಟೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲೂ ಅದು ಉಳಿದಿದೆ. ಹಿರಿಯರಿಗಾಗಿಯೇ 2007ರಲ್ಲಿ ಆದ ಕಾಯಿದೆಯಲ್ಲಿ ಎರಡೂ ಉಂಟು: ನ್ಯಾಯಮಂಡಳಿ ತಿಂಗಳ ಜೀವನಾಂಶವನ್ನು ಗೊತ್ತುಮಾಡಬಹುದು, ಹಿರಿಯರನ್ನು ತೊರೆದುಹೋದವನಿಗೆ ಮೂರು ತಿಂಗಳವರೆಗೆ ಸೆರೆ ಅಥವಾ 5000 ರೂಪಾಯಿವರೆಗೆ ಜುಲ್ಮಾನೆ, ಇಲ್ಲವೇ ಎರಡೂ. ಎರಡು ಬಾಗಿಲೂ ತೆರೆದಿವೆ. ಮಗ ಸೆರೆಮನೆ ಸೇರಿದರೆ ತಿಂಗಳ ಹಣ ತರುವವರಾರು ಎಂಬುದನ್ನು ಮಾತ್ರ ಬಾಗಿಲಲ್ಲಿ ನಿಂತ ತಾಯಿಯೇ ಯೋಚಿಸಬೇಕು.